ಮೆಲ್ಚೋರತ್ತೆಯ ಹಂದಿದೊಡ್ಡಿ

ಅಬೆಲಾರ್ದೊ ಯುಪಾಂಕಿ ಬಾಯಿ ತೆರೆದರೆ ದಾರಿಬದಿಯ ಕಲ್ಲಿಗೂ ಒಂದು ವಂಶಾವಳಿ ಹುಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಕುಸ್ಕೊದಿಂದ ಜನರನ್ನು ಕರೆದುಕೊಂಡು ಹೊರಟು, ಕಣಿವೆಯ ಇಂಕಾ ಕೋಟೆಗಳನ್ನೂ ಮೆಟ್ಟಿಲುಗದ್ದೆಗಳನ್ನೂ ತೋರಿಸಿ ಸಂಜೆಗೆ ವಾಪಸು ಬಿಡುವ ಪ್ರವಾಸದ ಗೈಡು ಅವನು. ಆ ವ್ಯಾನಿನ ಡ್ರೈವರು ನಾನು. ಅವನ ಅಡ್ಡಹೆಸರು ಹಳೆಯ ಇಂಕಾ ಅರಸರದ್ದು. ಅದನ್ನು ಅವನು ಮೈಕಿನಲ್ಲಿ ಹೇಳದ ದಿನವಿಲ್ಲ.

ಆಗಸ್ಟ್ ತಿಂಗಳ ಒಂದು ದಿನ ಪಿಸಾಕ್ ಸಂತೆ ಮುಗಿಸಿ ಮುಂದೆ ಹೋಗುತ್ತಿದ್ದೆವು. ಕಾಲ್ಕಾ ದಾಟುತ್ತಿದ್ದಂತೆ ರಸ್ತೆಗೆ ಅಡ್ಡಲಾಗಿ ನೀಲಗಿರಿ ದಿಮ್ಮಿಗಳು ಬಿದ್ದಿದ್ದವು. ಕಾಲುವೆ ರಿಪೇರಿಯಾಗಲಿಲ್ಲವೆಂದು ರೈತರು ಮುಷ್ಕರ ಹೂಡಿದ್ದರು. ಅವರ ಮುಖಂಡ, ಗಾರೆ ಕೆಲಸದ ಸಾತುರ್ನೊ, ನನ್ನ ಕಿಟಕಿಗೆ ಮುಖವಿಟ್ಟು ಹೇಳಿದ: “ಇವತ್ತು ನೊಣಾನೂ ಹೋಗಲ್ಲ ಇಲಾರಿಯೊ. ಗಾಡಿ ತಿರುಗ್ಸು.”

ವ್ಯಾನಿನಲ್ಲಿದ್ದವರು ಮುಖ ಸಿಂಡರಿಸಿದರು. ಮುಂದಿನ ಸೀಟಿನಲ್ಲಿ ಲಿಮಾ ನಗರದ ನಿವೃತ್ತ ನ್ಯಾಯಾಧೀಶೆ ದೋನ್ಯ ಎರ್ಮಿನಿಯಾ ಕೂತಿದ್ದರು. ಜಡ್ಜಮ್ಮ ಎಂದೇ ಕರೆಯುತ್ತೇನೆ. ಅವರ ಹಿಂದೆ ಬ್ಯೂನಸ್ ಐರಿಸ್‌ನಿಂದ ಬಂದ ಗ್ರಾಸಿಯೇಲಾ ಎಂಬಾಕೆ. ಕಲ್ಲು ಮುಟ್ಟಿದರೆ ಮೈಯೊಳಗೆ ಶಕ್ತಿ ಹರಿಯುವುದು ಆಕೆಗೆ ಗೊತ್ತಾಗುತ್ತಿತ್ತಂತೆ. ಸ್ಪೇನಿನ ಒಬ್ಬ ಹಲ್ಲಿನ ಡಾಕ್ಟರು ಇದ್ದರು. ಉಳಿದವರು ಚಿಲಿ ದೇಶದ ಹೊಸ ಮದುಮಕ್ಕಳು, ಅವರಿಗೆ ರಸ್ತೆ ಮುಚ್ಚಿದ್ದು ಇನ್ನೂ ತಿಳಿದಿರಲಿಲ್ಲ.

“ನಮ್ಮತ್ತೆ ಊರಿಗೆ ಹೊಡಿ,” ಎಂದ ಅಬೆಲಾರ್ದೊ ಮೆಲ್ಲಗೆ. “ಊಟ ಗೀಟ ಮಾಡ್ಸಿ ಕೂರ್ಸೋಣ. ಅಷ್ಟೊತ್ತಿಗೆ ಇವ್ರ ಗಲಾಟೆ ಮುಗಿಯುತ್ತೆ.”

ಅವನ ಸೋದರತ್ತೆ ಮೆಲ್ಚೋರಾ ಇರುವುದು ಗುಡ್ಡದ ಮೇಲಿನ ವಾಯ್ಲಾಪಾತದಲ್ಲಿ. ಮಣ್ಣುದಾರಿಯಲ್ಲಿ ಏರಿ, ಅವಳ ಮನೆ ಹತ್ತಿರ ವ್ಯಾನು ನಿಲ್ಲಿಸಿದೆ. ಎಲ್ಲರೂ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನೆಯ ಪಕ್ಕದಲ್ಲಿ ದುಂಡನೆಯ ಒಂದು ಕಲ್ಲುಗೋಡೆ ಅರ್ಧಕ್ಕೆ ನಿಂತಿತ್ತು.

ಆ ಗೋಡೆಯನ್ನು ಕಟ್ಟಿದವನು ಅತ್ತೆಯ ಗಂಡ, ಈಗ ತೀರಿಕೊಂಡಿದ್ದಾನೆ. ಹಂದಿಗಳಿಗೆಂದು ಶುರು ಮಾಡಿದ್ದು. ದುಂಡಗೆ ಯಾಕೆಂದರೆ ಆ ಪುಣ್ಯಾತ್ಮನಿಗೆ ಮೂಲೆ ಕಟ್ಟಲು ಬರುತ್ತಿರಲಿಲ್ಲ. ಗೋಡೆಯ ಒಳಮೈಯಲ್ಲಿ ಅಲ್ಲಲ್ಲಿ ಗೂಡು ಬಿಟ್ಟಿದ್ದ. ಕೆಲಸ ಮಾಡುತ್ತ ಸುತ್ತು ಬರುವಾಗ ಬಾಟಲಿ ಎಲ್ಲೆಡೆ ಕೈಗೆ ಸಿಗಲಿ ಎಂದು. ಗೋಡೆ ಮೊಣಕಾಲು ದಾಟುವ ಹೊತ್ತಿಗೆ ಅವನೇ ದಾಟಿ ಹೋದ. ಹಂದಿಗಳು ದಿನಾ ಅದನ್ನು ಜಿಗಿದು ಪಕ್ಕದವರ ಅವರೆ ಹೊಲಕ್ಕೆ ನುಗ್ಗುತ್ತಿದ್ದವು.

ಗ್ರಾಸಿಯೇಲಾ ಗೋಡೆಯ ಬಳಿ ಹೋಗಿ ಅಂಗೈ ಇಟ್ಟಳು. ಕಣ್ಣು ಮುಚ್ಚಿದಳು. “ಅಯ್ಯೋ! ಇಲ್ಲಿ ಬಂದು ನೋಡಿ, ಜುಮ್ ಅಂತಿದೆ! ಅಬೆಲಾರ್ದೊ, ಇದ್ಯಾವ ಗುಡಿ?”

ಅವನು ‘ಹಂದಿ’ ಎನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಆದರೆ ವರ್ಷಾನುಗಟ್ಟಲೆ ಒಂದೇ ಕೆಲಸ ಮಾಡಿದ ಬಾಯಿ ಅದು. ಗಾಣದ ಎತ್ತಿನ ಹಾಗೆ ತಾನಾಗಿ ತಿರುಗಿತು.

“ಚಂದ್ರಗುಡಿ,” ಎಂದ. “ಇಂಕಾ ರಾಣಿಯರು ಹುಣ್ಣಿಮೆಯಂದು ಇಲ್ಲಿ ಬೆಳದಿಂಗಳಲ್ಲಿ ಮೀಯುತ್ತಿದ್ದರು. ಆ ಗೂಡುಗಳಲ್ಲಿ ಬೆಳ್ಳಿಯ ವಿಗ್ರಹಗಳಿದ್ದವು.”

ಎಲ್ಲರೂ ಒಳಗೆ ಇಳಿದರು. ಮದುಮಕ್ಕಳು ಒಂದು ಗೂಡಿಗೆ ಕೈಹಾಕಿ ಕಣ್ಣು ಮುಚ್ಚಿದರು. ಗ್ರಾಸಿಯೇಲಾ ಗೋಡೆ ತಬ್ಬಿ ಅಳುತ್ತಿದ್ದಳು. ಆಗ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತು ಮೆಲ್ಚೋರತ್ತೆ ಬಂದಳು.

“ಏನ್ಲಾ ಅಬೆಲಾರ್ದೊ,” ಎಂದಳು ನಮ್ಮ ಕೆಚುವಾ ಮಾತಿನಲ್ಲಿ. “ಯಾರ್ಲಾ ಇವ್ರು? ಆವಮ್ಮ ಯಾಕ್ಲಾ ನನ್ನ ಹಂದಿದೊಡ್ಡಿ ತಬ್ಕೊಂಡು ಅಳ್ತಾವ್ಳೆ? ಯಾರಾದ್ರೂ ಸತ್ರಾ?”

“ಅಜ್ಜಿಯವರು ತಮ್ಮೆಲ್ಲರನ್ನೂ ಸ್ವಾಗತಿಸುತ್ತಿದ್ದಾರೆ,” ಎಂದು ಅಬೆಲಾರ್ದೊ ಸ್ಪ್ಯಾನಿಷ್‌ನಲ್ಲಿ ಹೇಳಿದ.

“ನಿಮ್ಮಪ್ಪನೂ ಹಿಂಗೇ ಸುಳ್ಳುಬುರುಕ. ನಿಮ್ಮ ತಾತ ಸುಳ್ಳಲ್ಲಿ ಅವನಿಗೂ ಅಪ್ಪ. ಬಾಯ್ಬಿಟ್ರೆ ಬರೀ ಬೊಗಳೆ ಬಿಡೋ ವಂಶ!”

“ನಮ್ಮ ಪೂರ್ವಜರನ್ನು ಸ್ಮರಿಸುತ್ತಿದ್ದಾರೆ.”

ಅದೇನೂ ಸುಳ್ಳಲ್ಲವಲ್ಲ ಎಂದು ನಾನು ಆ ಕಡೆ ತಿರುಗಿ ನಕ್ಕೆ.

ಅತ್ತೆ ಉರುಬಾಂಬಾ ಸಂತೆಯಲ್ಲಿ ಬಹಳ ವರ್ಷ ಗಿಣ್ಣು ಮಾರಿದವಳು. ಸ್ಪ್ಯಾನಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ಹೊರೆ ಕೆಳಗಿಳಿಸಿ ಅದೇ ಭಾಷೆಯಲ್ಲಿ ಹೇಳಿದಳು: “ನೋಡ್ರವ್ವಾ, ನೋಡ್ರಪ್ಪಾ. ಇದು ಹಂದಿದೊಡ್ಡಿ. ನನ್ನ ಗಂಡ ಕಟ್ಟಿದ್ದು. ಆ ಗೂಡಲ್ಲಿ ಕುಡ್ಕ ಬಾಟ್ಲಿ ಇಡ್ತಿದ್ದ.”

ಹಲ್ಲಿನ ಡಾಕ್ಟರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು.

“ತಾಯಿ, ನಮ್ಮನ್ನ ಕ್ಷಮಿಸಿ,” ಎಂದರು. “ನಮ್ಮ ಜನ ಬಂದು ಗುಡಿಗಳನ್ನೆಲ್ಲ ಒಡೆದಾಗ ನಿಮ್ಮೋರು ಹೀಗೇ ಹೇಳಿ ಉಳಿಸ್ಕೊಂಡಿರ್ಬೇಕು, ಅಲ್ವಾ? ಹಂದಿದೊಡ್ಡಿ ಅಂತ. ಇವತ್ತಿಗೂ ಹಾಗೇ ಹೇಳ್ತಾ ಬಂದಿದ್ದೀರಿ.”

“ಹಂದಿದೊಡ್ಡಿ ಕಣಪ್ಪಾ!”

“ಗೊತ್ತಾಯ್ತು ತಾಯಿ. ಗೊತ್ತಾಯ್ತು.” ಅವರು ಕಣ್ಣೊರೆಸಿಕೊಂಡರು.

ಜಡ್ಜಮ್ಮ ಭಾವುಕರಾಗುವ ಪೈಕಿ ಅಲ್ಲ. “ಹಂದಿದೊಡ್ಡಿ ಅಂದ್ರೆ ಹಂದಿ ಇರ್ಬೇಕಲ್ಲ. ಎಲ್ಲಿ?” ಎಂದು ಕೇಳಿದರು.

ಹಂದಿಗಳು ಪಕ್ಕದ ಹೊಲದಲ್ಲಿದ್ದವು. ಅತ್ತೆ ಕೂಗಿದಳು. ಎರಡು ಹಂದಿ ಗುರುಗುಡುತ್ತ ಬಂದು ಗೋಡೆ ಜಿಗಿದು ಒಳಗೆ ಬಿದ್ದವು. ಜಡ್ಜಮ್ಮ ಅವನ್ನು ಕನ್ನಡಕದ ಮೇಲಿಂದ ನೋಡಿದರು.

“ಹಂದಿ ಈ ದೇಶಕ್ಕೆ ಬಂದಿದ್ದು ಸ್ಪೇನಿನವರ ಜೊತೆ. ಗುಡಿ ಅದಕ್ಕಿಂತ ಹಳೇದು. ಅಂದ್ಮೇಲೆ ಇವು ಅತಿಕ್ರಮಣ ಮಾಡಿವೆ,” ಎಂದು ತೀರ್ಪು ಕೊಟ್ಟರು. ಡಾಕ್ಟರು ಹಂದಿಗಳ ಪರವಾಗಿಯೂ ಕ್ಷಮೆ ಕೇಳಿದರು.

ಅಬೆಲಾರ್ದೊನ ಮುಖ ಬೂದಿ ಬಳಿದ ಹಾಗಾಗಿತ್ತು. ಒಂದು ಕಲ್ಲಿನ ಮೇಲೆ ನಿಂತು, ಮೈಕಿಲ್ಲದೆ, ಸಣ್ಣ ದನಿಯಲ್ಲಿ ಹೇಳಿದ: “ದಯವಿಟ್ಟು ಕೇಳಿ. ನಾನು ಹೇಳಿದ್ದು ಸುಳ್ಳು. ರಾಣಿಯೂ ಇಲ್ಲ, ಬೆಳ್ಳಿಯೂ ಇಲ್ಲ. ಇದು ನಮ್ಮ ಮಾವ ಕಟ್ಟಿದ ಹಂದಿದೊಡ್ಡಿ.”

ಗ್ರಾಸಿಯೇಲಾ ಅವನ ತೋಳು ಸವರಿದಳು. “ಗುಟ್ಟು ಬಿಟ್ಟುಕೊಟ್ಟೆ ಅಂತ ಅತ್ತೆ ಬೈದ್ರಾ? ಹೆದರ್ಬೇಡಿ. ನಾವು ಯಾರಿಗೂ ಹೇಳಲ್ಲ.”

ಅಷ್ಟರಲ್ಲಾಗಲೇ ಅವಳು ಫೋಟೊಗಳನ್ನು ಊರಿಗೆಲ್ಲ ಕಳಿಸಿಯಾಗಿತ್ತು.

ದಿಮ್ಮಿಗಳ ಮುಂದೆ ಸಿಕ್ಕಿಬಿದ್ದಿದ್ದ ಬೇರೆ ವ್ಯಾನುಗಳವರು ನಮ್ಮ ಗಾಡಿ ಗುಡ್ಡ ಹತ್ತಿದ್ದನ್ನು ಕಂಡಿದ್ದರು. ನಾವು ಒಳದಾರಿ ಹಿಡಿದೆವೆಂದು ತಿಳಿದು ಒಬ್ಬೊಬ್ಬರಾಗಿ ಹಿಂದೆಯೇ ಬಂದರು. ಇಳಿದ ಜನ ಗೋಡೆಯ ಸುತ್ತ ಸೇರಿದರು. ಗೈಡು ಅಂದಮೇಲೆ ಗೊತ್ತಿಲ್ಲ ಎನ್ನಲಾದೀತೆ? ಒಬ್ಬ ಇದು ನಕ್ಷತ್ರ ನೋಡುವ ಜಾಗವೆಂದ. ಇನ್ನೊಬ್ಬ ಸೈನ್ಯದ ಕಣಜವೆಂದ. ಪ್ರವಾಸಿಗರು ತಮ್ಮತಮ್ಮೊಳಗೆ ಹೋಲಿಸಿ ನೋಡಿದಾಗ ಆ ಇಬ್ಬರು ಗೈಡುಗಳಿಗೆ ಜಗಳ ಹತ್ತಿತು.

“ಕಣಜ ಅಂತೆ ಕಣಜ! ಚಾವಣಿ ಎಲ್ಲಯ್ಯಾ?”

“ನಕ್ಷತ್ರ ನೋಡೋಕೆ ಗೋಡೆ ಯಾಕಯ್ಯಾ? ಕತ್ತು ಎತ್ತಿದ್ರೆ ಸಾಕಲ್ವಾ?”

ಅಬೆಲಾರ್ದೊ ಮಧ್ಯೆ ಹೋಗಿ “ಹಂದಿದೊಡ್ಡಿ” ಎಂದ. ಇಬ್ಬರೂ ಒಟ್ಟಾಗಿ ಅವನ ಮೇಲೆ ಬಿದ್ದರು: ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡಿತೀಯ, ನಿನಗೆ ಹೆಂಡ್ತಿ ಮಕ್ಕಳಿಲ್ವಾ?

ಅತ್ತೆಗೆ ಈ ಗದ್ದಲದಲ್ಲಿ ಆಸಕ್ತಿಯಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಗೋಡೆ ಎತ್ತರಿಸಬೇಕೆಂದು ಅವಳು ಕಲ್ಲು ಗುಡ್ಡೆ ಹಾಕಿಸಿದ್ದಳು. ಹೇಗೂ ನಾನು ಅಲ್ಲಿದ್ದೆ. “ಇಲಾರಿಯೊ, ಬಾರ್ಲಾ, ಆ ಕಡೆ ಹಿಡಿ,” ಎಂದು ಒಂದು ಕಲ್ಲೆತ್ತಲು ಬಾಗಿದಳು.

“ಮುಟ್ಟಬೇಡಿ!” ಎಂದು ಜಡ್ಜಮ್ಮ ಗುಡುಗಿದರು. “ಹಳೇ ಕಟ್ಟಡದ ಒಂದು ಕಲ್ಲು ಅಲ್ಲಾಡಿಸಿದ್ರೂ ಜೈಲು. ಗೊತ್ತಾ?”

“ನನ್ನ ಕಲ್ಲು ಕಣವ್ವಾ!”

“ದೇಶದ ಕಲ್ಲು.”

ಅತ್ತೆ ಕಲ್ಲಿನ ಮೇಲೆ ಕೂತಳು. ಸೊಂಟದ ಚೀಲದಿಂದ ಕೋಕಾ ಎಲೆ ತೆಗೆದು ದವಡೆಗಿಟ್ಟು ಬಹಳ ಹೊತ್ತು ಅಗಿದಳು. ಜಡ್ಜಮ್ಮನನ್ನೊಮ್ಮೆ ನೋಡಿದಳು, ಕಲ್ಲಿನ ಗುಡ್ಡೆಯನ್ನೊಮ್ಮೆ ನೋಡಿದಳು, ಸುತ್ತ ನೆರೆದ ಅಷ್ಟೂ ಜನರ ತೋಳುಗಳನ್ನು ನೋಡಿದಳು. ಆಮೇಲೆ ಎದ್ದು ಲಂಗ ಕೊಡವಿದಳು.

“ಆಯ್ತು ಬಿಡ್ರವ್ವಾ. ನೀವೇ ಗೆದ್ರಿ. ಗುಡಿನೇ ಇದು,” ಎಂದಳು. “ಆದ್ರೆ ಮೊಣಕಾಲುದ್ದ ಗೋಡೆ ಇಟ್ಕೊಂಡ್ರೆ ಒಳಗಿರೋ ದೇವ್ರು ನಿಂತಾನಾ? ಜಿಗ್ದು ಓಡೋಯ್ತಾನೆ. ದಿನಾ ಓಡೋಯ್ತಾವ್ನೆ. ಈಗ ಆಗಸ್ಟು, ಭೂಮ್ತಾಯಿ ಬಾಯ್ತೆರೆದು ಕೂತಿರೋ ತಿಂಗ್ಳು. ದೂರದಿಂದ ಬಂದೋರು ಕೈಯಾರೆ ಕಲ್ಲು ಇಟ್ರೆ ಅವಳಿಗೂ ಸಂತೋಷ.”

ಅಬೆಲಾರ್ದೊ ತರ್ಜುಮೆ ಮಾಡುವ ಅಗತ್ಯವೇ ಬೀಳಲಿಲ್ಲ. ಗ್ರಾಸಿಯೇಲಾ ಮೊದಲ ಕಲ್ಲೆತ್ತಿದಳು. ಮದುಮಕ್ಕಳು ಒಂದೇ ಕಲ್ಲನ್ನು ಇಬ್ಬರೂ ಹಿಡಿದು, ಒಬ್ಬರನ್ನೊಬ್ಬರು ನೋಡುತ್ತ, ಕಾಲ ಮೇಲೆ ಹಾಕಿಕೊಂಡರು. ಡಾಕ್ಟರು ಎಲ್ಲರಿಗಿಂತ ಭಾರವಾದ ಕಲ್ಲುಗಳನ್ನೇ ಹುಡುಕಿ ಹೊತ್ತರು, ಪಾಪಪ್ರಜ್ಞೆಗೆ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ಅಬೆಲಾರ್ದೊನ ಪ್ಯಾಂಟು ಮೇಲಕ್ಕೆ ಮಡಿಸಿ ಅವನನ್ನು ಮಣ್ಣು ತುಳಿಯಲು ಇಳಿಸಿದಳು. ಇಂಕಾ ಅರಸರ ಕುಡಿ ಕೆಸರಿನಲ್ಲಿ ಧಪಧಪ ಕುಣಿಯುತ್ತಿದ್ದರೆ ಬೇರೆ ಗೈಡುಗಳು ಅದಕ್ಕೂ ವಿವರಣೆ ಕೊಡುತ್ತಿದ್ದರು. ಜಡ್ಜಮ್ಮ ಮೊದಮೊದಲು ಕೈಕಟ್ಟಿ ನಿಂತಿದ್ದರು. “ಜೀರ್ಣೋದ್ಧಾರ ಅಂದ್ರೆ ಕಾನೂನಿನಲ್ಲಿ ಬೇರೆ,” ಎಂದು ಆಮೇಲೆ ತಮಗೆ ತಾವೇ ಹೇಳಿಕೊಂಡು ಅಂಗಿಯ ತೋಳು ಮೇಲಕ್ಕೆ ಮಡಿಸಿ ಕಲ್ಲೆತ್ತಿದರು.

ಕೆಲಸ ಅರ್ಧವಾಗುವಾಗ ಮುಷ್ಕರದವರು ಗುಡ್ಡ ಹತ್ತಿ ಬಂದರು. ರಸ್ತೆ ತಡೆದು ಕೂತರೆ ತಡೆಸಿಕೊಳ್ಳುವವರೇ ನಾಪತ್ತೆ! ಸಾತುರ್ನೊಗೆ ಅವಮಾನವಾಗಿತ್ತು.

“ನಮ್ಮ ಮುಷ್ಕರಕ್ಕೆ ಮರ್ಯಾದೆ ಇಲ್ವೇನ್ರೀ? ಎಲ್ರೂ ಕೆಳಗಿಳೀರಿ, ಬಂದು ಸಿಕ್ಕಾಕೊಳ್ಳಿ!” ಎಂದು ಕೂಗಿದ.

ಯಾರೂ ತಲೆ ಎತ್ತಲಿಲ್ಲ. ಅವನು ಇನ್ನೊಮ್ಮೆ ಕೂಗಲು ಬಾಯಿ ತೆರೆದವನು ಜಡ್ಜಮ್ಮ ಇಟ್ಟ ಕಲ್ಲನ್ನು ನೋಡಿದ. ಅದು ಉಬ್ಬುಹಲ್ಲಿನ ಹಾಗೆ ಹೊರಗೆ ಚಾಚಿತ್ತು. ಕಸುಬುದಾರನಿಗೆ ತಡೆಯಲಾಗಲಿಲ್ಲ.

“ಅಯ್ಯೋ, ಹಂಗಲ್ಲಮ್ಮಾ! ಚಪ್ಪಟೆ ಕಡೆ ಕೆಳಕ್ಕೆ! ಬಿಡಿ ಬಿಡಿ, ಬಿಡಿ ಇಲ್ಲಿ.” ಮುಷ್ಕರದ ಬ್ಯಾನರನ್ನು ನೆಲಕ್ಕೆ ಹಾಸಿ ಅದರ ಮೇಲೆ ಮಣ್ಣು ಸುರಿಸಿಕೊಂಡ. ಅವನ ಹಿಂದೆ ಬಂದವರೂ ಕೈಹಚ್ಚಿದರು. ಹೊತ್ತು ಇಳಿಯುವಷ್ಟರಲ್ಲಿ ಗೋಡೆ ಎದೆಮಟ್ಟಕ್ಕೆ ಬಂದಿತ್ತು.

ಅತ್ತೆ ಬೇಯಿಸಿದ ಆಲೂಗಡ್ಡೆ, ಗಿಣ್ಣು, ಜೋಳದ ಕಳ್ಳು ಎಲ್ಲರಿಗೂ ಕೊಟ್ಟಳು. ಕುಡಿಯುವ ಮೊದಲು ಒಂದು ತೊಟ್ಟು ನೆಲಕ್ಕೆ ಚೆಲ್ಲಿದಳು. ಉಳಿದವರೂ ಚೆಲ್ಲಿದರು, ಡಾಕ್ಟರು ಪೂರ್ತಿ ಲೋಟವನ್ನೇ ಸುರಿದು ಬಿಟ್ಟರು. ಸಾತುರ್ನೊ ಮೂರನೆಯ ಲೋಟಕ್ಕೆ ದಿಮ್ಮಿ ಸರಿಸಲು ಒಪ್ಪಿದ. ಹೊರಡುವ ಹೊತ್ತಿಗೆ ಅತ್ತೆ ವ್ಯಾನಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಕೇಳಿದಳು: “ನಿಮ್ಮನೆ ಎಲ್ಲವ್ವಾ? ಬೀದಿ ಯಾವ್ದು?”

“ಯಾಕಮ್ಮಾ?” ಎಂದರು ಜಡ್ಜಮ್ಮ.

“ಮುಯ್ಯಾಳು ತೀರಿಸ್ಬೇಕಲ್ಲ. ನೀವು ನನ್ನ ಗೋಡೆಗೆ ಗೇದ್ರಿ. ನಾನು ನಿಮ್ಮನೇಗೆ ಬಂದು ಒಂದಿನ ಗೇಯ್ಬೇಕು.”

ಎಲ್ಲರೂ ಮೆಚ್ಚಿ ನಕ್ಕು, ಅವಳನ್ನು ತಬ್ಬಿ, ವಿಳಾಸ ಹೇಳಿದರು. ಅಬೆಲಾರ್ದೊ ಮಾತ್ರ ನಗಲಿಲ್ಲ. ನಮ್ಮ ಕಡೆ ಒಂದು ದಿನದ ದುಡಿಮೆಯನ್ನು ಹಿಂತಿರುಗಿಸದೆ ಇಟ್ಟುಕೊಂಡವರಿಗೆ ಸಾವೂ ಸಲೀಸಾಗಿ ಬರುವುದಿಲ್ಲ ಎನ್ನುತ್ತಾರೆ. ಅತ್ತೆ ಅದನ್ನು ನಂಬಿದವಳು. ಕೋಟೆ ನೋಡಲಿಲ್ಲವೆಂದು ದಾರಿಯುದ್ದಕ್ಕೂ ಯಾರೂ ಕೇಳಲಿಲ್ಲ. ತರಚಿದ ಬೆರಳುಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದರು.

ಬಿತ್ತನೆ ಮುಗಿದ ಕೂಡಲೇ ಅತ್ತೆ ಗುದ್ದಲಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅಬೆಲಾರ್ದೊನ ಮನೆಗೆ ಬಂದಳು. “ನಡಿಯಲಾ ಲಿಮಾಕ್ಕೆ. ಎಲ್ಲಕ್ಕಿಂತ ಹತ್ರ ಅದೇ.” ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ಅವನನ್ನೂ ಎಳೆದುಕೊಂಡು ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು, ಜೀವಮಾನದಲ್ಲಿ ಮೊದಲ ಸಲ ಸಮುದ್ರ ನೋಡಿ “ಇಷ್ಟೊಂದು ನೀರಿಟ್ಕೊಂಡು ಇವ್ರು ಬೆಳೆ ತೆಗಿಯಲ್ವಾ?” ಎಂದಳಂತೆ.

ಜಡ್ಜಮ್ಮನ ಮನೆ ಇದ್ದದ್ದು ಏಳನೆಯ ಮಹಡಿಯಲ್ಲಿ. ಬಾಗಿಲು ತೆರೆದಾಗ ಎದುರಿಗೆ ಗುದ್ದಲಿ ಹೆಗಲಿಗೇರಿಸಿದ ಅತ್ತೆ.

“ಬಂದೆ ಕಣವ್ವಾ. ಹೊಲ ಎಲ್ಲಿ?”

ಜಡ್ಜಮ್ಮ ಒಳಗೆ ಕರೆದು, ಕಾಫಿ ಕೊಟ್ಟು, ಏನೂ ಬೇಡವೆಂದು ಕೈ ಮುಗಿದರಂತೆ. ಅತ್ತೆಗೆ ಕೋಪ ಬಂತು. ನನ್ನ ದುಡಿಮೆ ನಿಮಗೆ ಬೇಡವಾ, ಅಷ್ಟು ಕೀಳಾ ಎಂದು ಕೇಳಿದಳು. ಕೊನೆಗೆ ಬಾಲ್ಕನಿಯ ಜೆರೇನಿಯಂ ಕುಂಡಗಳನ್ನು ಅವಳಿಗೆ ಒಪ್ಪಿಸಲಾಯಿತು. ಅವಳು ಹೂಗಿಡ ಕಿತ್ತು, ತಾನೇ ತಂದಿದ್ದ ಬೀಜದ ಆಲೂಗಡ್ಡೆ ನೆಟ್ಟಳು. ಹೊತ್ತು ಏರುವ ಮೊದಲೇ ಮುಗಿಯಿತು. ಆದರೆ ಒಂದು ದಿನ ಅಂದರೆ ಒಂದು ದಿನ. ಕಿಟಕಿ ಒರೆಸಿದಳು, ಪರದೆ ಒಗೆದಳು. ಜಡ್ಜಮ್ಮ ಸುಮ್ಮನೆ ಕೂರಲಾರದೆ ಜೊತೆಗೆ ಹಿಂಡಿದರು, ಆಮೇಲೆ ಇಬ್ಬರೂ ಅಡುಗೆಗೆ ಬಟಾಣಿ ಸುಲಿದರು. ಆ ಮನೆಯಲ್ಲಿ ಇಬ್ಬರು ಹೆಂಗಸರು ಹಾಗೆ ಒಟ್ಟಿಗೆ ಕೂತು ಎಷ್ಟು ಕಾಲವಾಗಿತ್ತೋ. ರಾತ್ರಿ ಬಸ್ಸಿಗೆ ಅತ್ತೆಯನ್ನು ಬಿಡಲು ಬಂದಾಗ ಜಡ್ಜಮ್ಮನ ಮೂಗು ಕೆಂಪಾಗಿತ್ತು.

ಜನವರಿಯಲ್ಲಿ ಆಲೂಗಡ್ಡೆಗೆ ಮಣ್ಣು ಏರಿಸುವ ಕಾಲಕ್ಕೆ ಜಡ್ಜಮ್ಮ ಕುಸ್ಕೊಗೆ ಬಂದಿಳಿದರು. ಅತ್ತೆ ಅಷ್ಟು ದೂರದಿಂದ ಬಂದು ಹೋದ ಮೇಲೆ ಲೆಕ್ಕ ಸರಿಹೋಗಲಿಲ್ಲ ಎನ್ನುವುದು ಅವರ ವಾದ. ನಾನೇ ವ್ಯಾನಿನಲ್ಲಿ ಕರೆದೊಯ್ದೆ. ದೊಡ್ಡ ಟೋಪಿ ಹಾಕಿಕೊಂಡು ಸಾಲಿನಲ್ಲಿ ಇಳಿದು ಮೊದಲ ಏಟಿಗೇ ಗಿಡದ ಬುಡ ಕಡಿದರು. ಅತ್ತೆ ಬಾಯಿಗೆ ಬಂದ ಹಾಗೆ ಬೈದಳು. ಅವರು ತಲೆತಗ್ಗಿಸಿ ಕೇಳಿಸಿಕೊಂಡು ಮುಂದಿನ ಗಿಡಕ್ಕೆ ಹೋದರು. ಒಂದು ದಿನಕ್ಕೆಂದು ಬಂದವರು ವಾರ ಕಳೆದರೂ ಹೊರಡಲಿಲ್ಲ.

“ಏನತ್ತೆ, ಈಗಲಾದ್ರೂ ತೀರ್ತಾ?” ಎಂದು ಕೇಳಿದೆ.

“ಎಲ್ಲಿ ತೀರ್ತದ್ಲಾ,” ಎಂದಳು ಅತ್ತೆ, ಹೊಲದ ಕಡೆ ನೋಡುತ್ತ. “ಈವಮ್ಮ ನೋಡು, ನಿಲ್ಸು ಅಂದ್ರೂ ನಿಲ್ಸಲ್ಲ. ನಾನು ಲಿಮಾಕ್ಕೋಗಿ ಒಂದು ತಿಂಗ್ಳು ಇರ್ಬೇಕಾಯ್ತದೆ.” ಹಾಗೆಂದು ಅತ್ತೆ ಹೊದ್ದ ಶಾಲಿನ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.