ಪೆಟ್ಟಿಗೆಯಲ್ಲಿ ಕರಿಗೋಲಿ ಇರಲಿಲ್ಲ

ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿದ ಮೂಲೆಮಟ್ಟ ಮತ್ತು ಕೈವಾರ ಇದ್ದ ಆ ಕಟ್ಟಡವನ್ನು ಗಾಜಿನಂಗಡಿಯವನು ಚಿಕ್ಕಂದಿನಿಂದ ಹೊರಗಿನಿಂದಲೇ ನೋಡಿದ್ದ. ಅದು ಫ್ರೀಮೇಸನ್ನರ ಲಾಡ್ಜು, ಒಬ್ಬರನ್ನೊಬ್ಬರು ಸೋದರರೆಂದು ಕರೆದುಕೊಳ್ಳುವ ಹಳೆಯ ಸಂಘವೊಂದರ ಸಭಾಭವನ. ಒಳಗೆ ತಲೆಬುರುಡೆ ಇದೆಯಂತೆ, ಸೇರಿದವರ ನಸೀಬೇ ಖುಲಾಯಿಸುತ್ತದಂತೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಕಿಟಕಿಯ ಗಾಜು ಒಡೆದಿದೆ, ಬಂದು ಹಾಕಿಕೊಡಿ ಎಂಬ ಕರೆ ಬಂದಾಗ ಅವನು ಸ್ವಲ್ಪ ಬೇಗನೇ ಹೊರಟ.

ಒಳಗೆ ಕಪ್ಪು ಬಿಳುಪು ಚೌಕಗಳ ನೆಲ, ಗೋಡೆಗೆ ಒತ್ತಿ ಇಟ್ಟ ಕುರ್ಚಿಗಳು, ಮೂಲೆಯಲ್ಲಿ ಒಂದು ಪಿಯಾನೋ. ಪಕ್ಕದ ಕೋಣೆಯಲ್ಲಿ ಊಟದ ತಟ್ಟೆಗಳನ್ನು ಪೇರಿಸಿಟ್ಟಿದ್ದರು. ಅವನನ್ನು ಕರೆಸಿದವರು ನಿವೃತ್ತ ದಂತವೈದ್ಯರು. ಅವನ ದವಡೆ ಹಲ್ಲು ಕಿತ್ತವರೂ ಅವರೇ.

“ಡಾಕ್ಟ್ರೇ, ಇಲ್ಲಿ ಸೇರಿದ್ರೆ ಏನು ಲಾಭ?” ಏಣಿಯ ಮೇಲಿಂದಲೇ ಕೇಳಿದ.

“ಲಾಭಕ್ಕೆ ಅಂತ ಬಂದವರು ವರ್ಷದೊಳಗೆ ಬೇಜಾರಾಗಿ ಬಿಟ್ಟು ಹೋಗ್ತಾರಪ್ಪ. ತಿಂಗಳಿಗೊಂದು ಸಭೆ, ಆಮೇಲೆ ಊಟ. ಯಾರಿಗಾದ್ರೂ ಕಷ್ಟ ಬಂದ್ರೆ ಕೈಲಾದ ಸಹಾಯ. ನನ್ನ ಹೆಂಡ್ತಿ ಹೋದಾಗ ಇವರು ಸರದಿ ಹಾಕ್ಕೊಂಡು ಮನೆಗೆ ಬಂದು ನನ್ನ ಜೊತೆ ಸುಮ್ನೆ ಕೂತಿದ್ರು. ಲಾಭ ಅಂದ್ರೆ ಅದೇ ಅನ್ಕೋ.”

ಗಾಜಿನವನು ತಲೆಯಾಡಿಸಿದ. ಆದರೆ ಅವನ ಮನಸ್ಸು ಬೇರೆಯದನ್ನೇ ಲೆಕ್ಕ ಹಾಕುತ್ತಿತ್ತು. ಮನೆ ಕಟ್ಟಿಸುವವರು, ಎಂಜಿನಿಯರುಗಳು ಇಲ್ಲಿ ಇದ್ದೇ ಇರುತ್ತಾರೆ. ಕಟ್ಟಡಕ್ಕೆ ಕಿಟಕಿ ಬೇಕು, ಕಿಟಕಿಗೆ ಗಾಜು ಬೇಕು. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ, ಸೇರಬೇಕಾದರೆ ಯಾರನ್ನು ಕೇಳಬೇಕು ಎಂದ. “ಈಗ ಕೇಳಿದೆಯಲ್ಲ, ಹಾಗೇ ಕೇಳಬೇಕು. ನಾವಾಗಿ ಯಾರನ್ನೂ ಕರೆಯಲ್ಲ,” ಎಂದರು ದಂತವೈದ್ಯರು.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

“ಲಾಡ್ಜಿಗೆ ಹೋಗ್ತೀನಿ ಅಂತ ಹೆಂಡ್ತಿ ಎದುರೇ ಹೇಳೋ ಗಂಡಸು ನೀವೊಬ್ಬರೇ ಇರಬೇಕು.”

“ಅದು ಆ ಲಾಡ್ಜ್ ಅಲ್ವೇ.”

“ಗೊತ್ತು ಬಿಡಿ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಣ್ಣತಮ್ಮಂದಿರಂತಲ್ಲ?” ಅಂಗಿಯ ತೋಳು ಮಡಿಸುತ್ತ ಅವಳು ಅವನ ಕಡೆ ನೋಡಿದಳು. “ಒಡಹುಟ್ಟಿದ ಅಣ್ಣನ್ನ ಬಿಟ್ಟು, ಊರ ತುಂಬ ಅಣ್ಣಂದಿರನ್ನ ಹುಡುಕ್ತಾ ಹೊರಟಿದ್ದೀರಾ?”

ಅವನು ಎದ್ದು ಹೊರಗೆ ಹೋದ. ಅಣ್ಣನ ಮಾತು ಬಂದರೆ ಆ ಮನೆಯಲ್ಲಿ ಯಾವಾಗಲೂ ಹಾಗೆಯೇ. ಅಪ್ಪನ ಕಾಲದಲ್ಲಿ ಒಂದೇ ಅಂಗಡಿ ಇತ್ತು: ಅಣ್ಣ ಚಿತ್ರಗಳಿಗೆ ಚೌಕಟ್ಟು ಕಟ್ಟುತ್ತಿದ್ದ, ಇವನು ಗಾಜು ಕತ್ತರಿಸುತ್ತಿದ್ದ. ಅಮ್ಮ ಆಸ್ಪತ್ರೆ ಸೇರಿದಾಗ ಆಪರೇಷನ್ ಮಾಡಿಸಲೇಬೇಕೆಂದು ಇವನು ಹಟ ಹಿಡಿದ. ಅಣ್ಣ ಇವನನ್ನು ಕೇಳದೆ ಬೇಡವೆಂದು ವೈದ್ಯರಿಗೆ ಹೇಳಿಬಿಟ್ಟ. ಅಮ್ಮ ಉಳಿಯಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ, ನೆಂಟರ ಎದುರಿಗೇ, “ಅಮ್ಮನ್ನ ಕೊಂದವನು ನೀನೇ” ಎಂದು ಇವನು ಅಂದದ್ದು ಕೊನೆಯ ಮಾತು. ಅಂಗಡಿ ಎರಡಾಯಿತು. ಒಂದೇ ಊರಿನಲ್ಲಿದ್ದೂ, ಎದುರಿಗೆ ಸಿಕ್ಕರೆ ಒಬ್ಬರಲ್ಲ ಒಬ್ಬರು ರಸ್ತೆ ದಾಟಿಬಿಡುತ್ತಿದ್ದರು.

ಮುಂದಿನ ವಾರ ಲಾಡ್ಜಿನಿಂದ ದಂತವೈದ್ಯರೂ ಒಬ್ಬ ಬಸ್ ಚಾಲಕರೂ ಮನೆಗೆ ಬಂದರು. ಮನೆಯವರನ್ನು ಮಾತಾಡಿಸದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲವಂತೆ. ಹೆಂಡತಿ ಅದಕ್ಕೇ ಕಾದಿದ್ದವಳಂತೆ ಕುರ್ಚಿ ಎಳೆದು ಎದುರಿಗೆ ಕೂತಳು.

“ಒಳ್ಳೇ ಕೆಲಸ ಮಾಡೋರಿಗೆ ಗುಟ್ಟು ಯಾಕ್ರೀ?”

ಚಾಲಕರು ನಕ್ಕರು. “ನನ್ನ ಹೆಂಡ್ತೀನೂ ಇದೇ ಕೇಳಿದ್ಲು, ಅಕ್ಕ. ನಾವು ಎಲ್ಲಿ ಸೇರ್ತೀವಿ, ಏನು ಮಾಡ್ತೀವಿ, ಯಾವುದೂ ಗುಟ್ಟಲ್ಲ. ಒಬ್ಬರನ್ನೊಬ್ಬರು ಗುರುತು ಹಿಡಿಯೋಕೆ ಒಂದೆರಡು ಮಾತು, ಒಂದು ಕೈಸನ್ನೆ ಇದೆ, ಅಷ್ಟೇ. ಅದೂ ಪುಸ್ತಕದಲ್ಲಿ ಹುಡುಕಿದ್ರೆ ಸಿಗುತ್ತೆ.”

“ಸಿಗೋದನ್ನ ಮುಚ್ಚಿಡೋದು ಯಾಕೆ?”

“ಮುಚ್ಚಿಡ್ತೀನಿ ಅಂತ ಮಾತು ಕೊಟ್ಟಿರ್ತೀವಿ ಅದಕ್ಕೆ,” ಎಂದರು ದಂತವೈದ್ಯರು. “ಸಣ್ಣ ವಿಷಯದಲ್ಲಿ ಮಾತು ಉಳಿಸ್ಕೊಳ್ಳೋನು ದೊಡ್ಡದರಲ್ಲೂ ಉಳಿಸ್ಕೋತಾನೆ ಅಂತ ಒಂದು ನಂಬಿಕೆ. ಎಲ್ಲರೂ ಹಾಗೇ ಇದ್ದಾರೆ ಅಂತ ನಾನು ಹೇಳಲ್ಲಮ್ಮ. ನಮ್ಮಲ್ಲೂ ಕಾಳಿನ ಜೊತೆ ಜೊಳ್ಳಿದೆ.”

ಆ ಉತ್ತರ ಅವಳಿಗೆ ಹಿಡಿಸಿತು. ಚಾಲಕರು ಗಂಡನ ಕಡೆ ತಿರುಗಿ, “ನಿಮಗೆ ಯಾಕೆ ಸೇರಬೇಕು ಅನ್ನಿಸ್ತು?” ಎಂದರು.

ಒಪ್ಪುವಂಥ ಉತ್ತರವೊಂದನ್ನು ಅವನು ಮನಸ್ಸಿನಲ್ಲೇ ಉರುಹೊಡೆದಿದ್ದ. ಹೆಂಡತಿಯ ಎದುರಿಗೆ ಅದು ಬಾಯಿಗೆ ಬರಲಿಲ್ಲ. “ವ್ಯಾಪಾರ ಕುದುರುತ್ತೆ ಅಂತ ಅನ್ಕೊಂಡಿದ್ದೆ. ಸುಳ್ಳು ಯಾಕೆ,” ಎಂದ. ಸ್ವಲ್ಪ ತಡೆದು, “ಅಂಗಡೀಲಿ ಮೊದಲು ಇಬ್ಬರಿದ್ವಿ. ದಿನವೆಲ್ಲ ಮಾತೇ ಮಾತು. ಈಗ ಗಾಜಿನಲ್ಲಿ ನನ್ನ ಮುಖ ನಾನೇ ನೋಡ್ಕೊಂಡು ಕೂತಿರ್ತೀನಿ,” ಎಂದ.

ಚಾಲಕರು ಕಣ್ಣು ತಗ್ಗಿಸಿ ಕಾಫಿ ಲೋಟ ಕೆಳಗಿಟ್ಟರು. ಆ ವಿಷಯ ಅಲ್ಲಿಗೇ ನಿಂತಿತು.

ಕೆಲವು ದಿನಗಳ ಮೇಲೆ ದಂತವೈದ್ಯರು ಅಂಗಡಿಗೆ ಬಂದರು. ಮುಖದಲ್ಲಿ ಸಂಕೋಚವಿತ್ತು.

“ಒಂದು ವಿಷಯ ಹೇಳ್ಬೇಕು. ಅವರ ಒಪ್ಪಿಗೆ ತಗೊಂಡೇ ಬಂದಿದ್ದೀನಿ. ನಿಮ್ಮಣ್ಣ ನಮ್ಮ ಲಾಡ್ಜಿನವರು. ಸೇರಿ ವರ್ಷಗಳಾದ್ವು.”

ಗಾಜಿನವನ ಕೈಯಲ್ಲಿದ್ದ, ಗಾಜು ಕೊರೆಯುವ ವಜ್ರದ ಮೊನೆ ಗೆರೆ ತಪ್ಪಿತು. “ಹಾಗಿದ್ರೆ ನನ್ನ ಅರ್ಜಿ ವಾಪಸ್ ಕೊಡಿ, ಡಾಕ್ಟ್ರೇ.”

“ಮತ ಹಾಕಿ ಆಯ್ತಪ್ಪ. ಒಬ್ಬೊಬ್ಬರೂ ಪೆಟ್ಟಿಗೆಗೆ ಒಂದೊಂದು ಗೋಲಿ ಹಾಕ್ತಾರೆ, ಒಪ್ಪಿದ್ರೆ ಬಿಳಿ, ಒಪ್ಪದಿದ್ರೆ ಕರಿ, ಯಾರು ಯಾವುದು ಹಾಕಿದ್ರು ಅಂತ ಯಾರಿಗೂ ಗೊತ್ತಾಗಲ್ಲ. ನಮ್ಮಲ್ಲಿ ಒಂದು ಕರಿಗೋಲಿ ಬಿದ್ರೂ ಅರ್ಜಿ ಬಿದ್ದ ಹಾಗೇ. ಪೆಟ್ಟಿಗೆ ತೆಗೆದು ನೋಡಿದ್ವಿ. ಎಲ್ಲ ಬಿಳಿಯೇ.”

ಅವನು ವಜ್ರದ ಮೊನೆಯನ್ನು ಮೇಜಿನ ಮೇಲಿಟ್ಟ. ದಂತವೈದ್ಯರು ಮೆಲ್ಲಗೆ ಮುಂದುವರಿಸಿದರು. “ಮನಸ್ತಾಪ ಇರೋ ಇಬ್ಬರು ಒಟ್ಟಿಗೆ ಒಳಗೆ ಕೂರೋ ಹಾಗಿಲ್ಲ. ಹೊರಗೇ ಬಗೆಹರಿಸ್ಕೊಂಡು ಬರಬೇಕು, ಇಲ್ಲಾ ಒಬ್ಬರು ಹಿಂದೆ ಸರೀಬೇಕು. ಅವನು ಸುಖವಾಗಿ ಸೇರ್ಲಿ, ನಾನೇ ಬಿಡ್ತೀನಿ ಅಂದಿದ್ದಾರೆ ನಿಮ್ಮಣ್ಣ.”

ಅವತ್ತು ಮಧ್ಯಾಹ್ನ ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟ. ಚೌಕಟ್ಟಿನ ಅಂಗಡಿಯ ಮುಂದೆ ಅತ್ತಿಗೆ ಗಿರಾಕಿಯೊಬ್ಬರಿಗೆ ಚಿತ್ರ ಕಟ್ಟಿಕೊಡುತ್ತಿದ್ದಳು. ಇವನನ್ನು ಕಂಡು ಕೈಯಲ್ಲಿದ್ದ ದಾರ ಅಲ್ಲೇ ಬಿಟ್ಟಳು. “ಒಳಗಿದ್ದಾರೆ, ಹೋಗಪ್ಪ,” ಎಂದಳು, ನಿನ್ನೆ ಮೊನ್ನೆ ಬಂದುಹೋದವನಿಗೆ ಹೇಳುವಂತೆ.

ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ಮರದ ಪಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದ. ಗರಗಸದ ಪುಡಿ ಮೆತ್ತಿದ ಸ್ಟೂಲನ್ನು ಕಾಲಿನಿಂದ ಇವನ ಕಡೆ ಸರಿಸಿದ.

“ನೀನು ಯಾಕೆ ಬಿಡ್ಬೇಕು?” ಎಂದ ತಮ್ಮ.

“ನಿನಗೆ ಬೇಕಾಗಿತ್ತಲ್ಲ, ಪುಟ್ಟ. ನನಗೆ ಬೇಕಾದಷ್ಟು ಸಿಕ್ಕಿದೆ.”

“ನೀನು ಯಾವಾಗ ಸೇರಿದ್ದು?”

“ನಾವು ಮಾತು ಬಿಟ್ಟ ಮರುವರ್ಷ. ತಮ್ಮ ಇಲ್ಲದೆ ಇದ್ದು ಅಭ್ಯಾಸ ಇರಲಿಲ್ಲ ನನಗೆ.”

ತಮ್ಮ ಸ್ಟೂಲಿನ ಮೇಲೆ ಕೂತ. “ಅವತ್ತು ಆಸ್ಪತ್ರೇಲಿ ಆಡಿದ್ದು, ಅಣ್ಣ... ಆಡಬಾರದಿತ್ತು. ಆಡಿದ ತಕ್ಷಣವೇ ಗೊತ್ತಾಯ್ತು. ನುಂಗೋಕೆ ಆಗಲಿಲ್ಲ.”

ಅಣ್ಣ ಮರಳುಕಾಗದ ಕೆಳಗಿಟ್ಟ. “ಆಪರೇಷನ್ ಬೇಡ ಅಂದದ್ದು ಅಮ್ಮನೇ ಕಣೋ. ಸಾಕಾಗಿದೆ, ಕುಯ್ಯಿಸ್ಬೇಡ ಅಂದ್ಲು. ಪುಟ್ಟನಿಗೆ ಹೇಳ್ಬೇಡ, ಅವನು ಕಾಲು ಹಿಡ್ಕೊಂಡು ಒಪ್ಪಿಸಿಬಿಡ್ತಾನೆ ಅಂತ ನನ್ನ ಹತ್ರ ಮಾತು ತಗೊಂಡ್ಲು.”

“ಇಷ್ಟು ವರ್ಷ...”

“ಮಾತು ಕೊಟ್ಟಿದ್ದೆ. ಕೊಟ್ಟಿದ್ದು ಸರಿಯೋ, ಉಳಿಸ್ಕೊಂಡಿದ್ದು ಸರಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇವತ್ತು ಮುರಿದಿದ್ದೀನಿ. ಅಮ್ಮ ಬೈದ್ರೆ ಬೈಸ್ಕೋತೀನಿ.”

ಇಬ್ಬರೂ ಅತ್ತರು; ಗಂಡಸರು ಅಳುವ ಹಾಗೆ, ಬೇರೆ ಬೇರೆ ಕಡೆ ಮುಖ ಮಾಡಿಕೊಂಡು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿ, ಸದ್ದಿಲ್ಲದೆ ಹಿಂದಕ್ಕೆ ಹೋದಳು.

ಕೊನೆಗೆ ತಮ್ಮ ಮೂಗು ಒರೆಸಿಕೊಂಡು ಕೇಳಿದ, “ನೀನು ಯಾವ ಗೋಲಿ ಹಾಕಿದ್ದೆ?”

“ಅದನ್ನ ಹೇಳೋ ಹಾಗಿಲ್ಲ,” ಎಂದ ಅಣ್ಣ ಗಂಭೀರವಾಗಿ. ಮರುಕ್ಷಣ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಣ್ಣ ಮೇಲಿನ ಹಲಗೆಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಚೌಕಟ್ಟನ್ನು ಇಳಿಸಿದ. ಅಮ್ಮನ ಭಾವಚಿತ್ರ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದದ್ದು. ಚೌಕಟ್ಟಿಗೆ ಗಾಜು ಇರಲಿಲ್ಲ. “ಬೇರೆಯವರ ಹತ್ರ ಗಾಜು ಹಾಕಿಸೋ ಮನಸ್ಸಾಗಲಿಲ್ಲ,” ಎಂದ. ತಮ್ಮ ಜೇಬಿನಿಂದ ಟೇಪು ತೆಗೆದು ಅಳತೆ ಹಿಡಿದ.

ಸೇರ್ಪಡೆಯ ಸಂಜೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ದರು. ಕತ್ತಲೆಯಲ್ಲಿ ಯಾರೋ ಮೊಣಕೈ ಹಿಡಿದರು. ಆ ಕೈಯಿಂದ ವಾರ್ನಿಷ್ ವಾಸನೆ ಬರುತ್ತಿತ್ತು. “ಮೆಲ್ಲಗೆ ಹೆಜ್ಜೆ ಇಡು, ನಾನಿದ್ದೀನಿ,” ಎಂದು ಕಿವಿಯ ಬಳಿ ಒಂದು ಪಿಸುಮಾತು ಕೇಳಿಸಿತು. ಅವನಿಗಿದ್ದ ಹೆದರಿಕೆ ಅಲ್ಲಿಗೇ ಇಳಿಯಿತು.

ಮನೆಗೆ ಬಂದಾಗ ಹೆಂಡತಿ ಎದ್ದೇ ಇದ್ದಳು. ಗುರುತು ಹಿಡಿಯುವ ಗುಟ್ಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಹೇಳಿದ. ಅವಳು ಗಲ್ಲಕ್ಕೆ ಕೈಯಿಟ್ಟು ಕೊನೆಯವರೆಗೂ ಕೇಳಿದಳು.

“ಆಯ್ತು, ಅದೊಂದು ನಿಮ್ಮ ಹತ್ರಾನೇ ಇರಲಿ,” ಎಂದಳು. “ಭಾನುವಾರ ಭಾವ, ಅಕ್ಕ ಇಬ್ಬರೂ ಊಟಕ್ಕೆ ಬರ್ತಾರೆ. ನಾನಾಗಲೇ ಫೋನ್ ಮಾಡಿ ಹೇಳಿದ್ದೀನಿ.”