ಏಳು ಕ್ಲಿಕ್ಕಿನ ಸತ್ಯಭಾಮಾ

"ಹದಿನೆಂಟು ವರ್ಷದಲ್ಲಿ ಒಂದು ಸೆಕೆಂಡೂ ದಂಡ ಮಾಡಿದವಳಲ್ಲ ನಾನು!" ಎಂದು ಸತ್ಯಭಾಮಾ ಘೋಷಿಸಿದರೆಂದರೆ ಕುಮಾರಸ್ವಾಮಿ ಲೇಔಟ್‌ನ ಆ ರಕ್ತಪರೀಕ್ಷಾ ಲ್ಯಾಬಿನ ಗಾಜುಗಳು ಅದುರುತ್ತಿದ್ದವು, ಆ ಕಂಠ ಸಾರಕ್ಕಿ ಸಿಗ್ನಲ್ಲಿನವರೆಗೂ ಮುಟ್ಟಿ, ಕೆಂಪು ದೀಪ ಹೆದರಿ ಹಸಿರಾದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಏಪ್ರಿಲ್ ಬಿಸಿಲಲ್ಲೂ ಕಳಚದ ಮೆರೂನ್ ಸ್ವೆಟರು, ಚಪ್ಪಲಿ ನೆಲ ಬಿಡದಂತೆ ಎಳೆಯುವ ಗಜಗಮನ, ಮೌಸನ್ನು ವೀಳ್ಯದೆಲೆ ಒರೆಸುವಷ್ಟು ನಯವಾಗಿ ಸವರುವ ಬೆರಳು. ಒಬ್ಬರ ಹೆಸರು ಬರೆದುಕೊಂಡು ಚೀಟಿ ಕೊಡಲು ಆಕೆಯ ಕಂಪ್ಯೂಟರಿಗೆ ಏಳು ಕ್ಲಿಕ್ ಬೇಕು, ಪ್ರತಿ ಕ್ಲಿಕ್ಕಿಗೂ "ಆಯ್ತಾ, ಮುಂದೆ?" ಎಂಬ ಮಂತ್ರ, ಮಂತ್ರ ಮಂತ್ರದ ನಡುವೆ ಎದುರಿಗಿರುವವರ ಮಂಡಿನೋವು, ಮಗಳ ಮದುವೆ, ಕಾವೇರಿ ನೀರು ಬಂತೋ ಇಲ್ಲವೋ ಎಂಬ ವಿಚಾರಣೆ.

ಈ ಏಳನ್ನು ಎರಡಕ್ಕಿಳಿಸಲು ಬಂದವನು ಎಂಜಿನಿಯರ್ ವಿಶ್ರುತ್. ಅನವಶ್ಯಕ ಕ್ಲಿಕ್ ಒಂದು ಕಂಡರೂ ಅವನಿಗೆ ಅನ್ನದಲ್ಲಿ ಕಲ್ಲು ಕಚ್ಚಿದಂತೆ. ಲ್ಯಾಬಿನ ಒಡತಿ ಡಾಕ್ಟರ್ ಕಲ್ಯಾಣಿ ತೀರ್ಮಾನ ಕೊಟ್ಟರು: ಸೋಮವಾರ ಬೆಳಿಗ್ಗೆ ಇಬ್ಬರೂ ಅಕ್ಕಪಕ್ಕ ಕೂರುವುದು, ತಲಾ ಇಪ್ಪತ್ತು ಜನ. ವಿಶ್ರುತ್ ಗೆದ್ದರೆ ಕಂಪ್ಯೂಟರಿಗೆ ಅವನ ಎರಡು ಕ್ಲಿಕ್ಕಿನ ಹೊಸ ಪರದೆ. ಸತ್ಯಭಾಮಾ ಹಿಂದಿನ ಕೋಣೆಗೆ, ರಿಪೋರ್ಟು ಜೋಡಿಸಲು. ನರಮನುಷ್ಯರ ಮುಖ ಕಾಣದ ಆ ಕೋಣೆ ಆಕೆಯ ಪಾಲಿಗೆ ಅಂಡಮಾನ್.

ಸೋಮವಾರ ಆರೂವರೆಗೇ ಖಾಲಿಹೊಟ್ಟೆಯ ನಲವತ್ತು ಮಂದಿ ತಮ್ಮ ಹಸಿವನ್ನೂ ಮರೆತು ಎರಡು ಪಕ್ಷವಾದರು. "ಬಿಡ್ಬೇಡಿ ಅಕ್ಕಾ!" "ಗುರು, ಸಖತ್ ಸ್ಪೀಡು!" ವಿಶ್ರುತನ ಮೌಸಿನಿಂದ ಹೊಗೆ ಏಳುವುದೊಂದೇ ಬಾಕಿ. ಅವನ ಇಪ್ಪತ್ತನೆಯವರು ಚೀಟಿ ಹಿಡಿದು ಹೊರಟಾಗ ಸತ್ಯಭಾಮಾ ಇನ್ನೂ ಆರನೆಯವರ ಗೃಹಪ್ರವೇಶದಲ್ಲಿದ್ದರು. ಚಪ್ಪಾಳೆಯೋ ಚಪ್ಪಾಳೆ. ಆಕೆಯ ಕಣ್ಣು ಮೊದಲ ಸಲ ಹಿಂದಿನ ಕೋಣೆಯ ಬಾಗಿಲಿನತ್ತ ಹೊರಳಿತು.

ಅಷ್ಟರಲ್ಲಿ ಒಳಗಿನಿಂದ ಚಿಕ್ಕಲಸಂದ್ರದ ನೀಲಕಂಠಪ್ಪನವರು, ವಯಸ್ಸು ಎಂಬತ್ತೊಂದು, ವಿಶ್ರುತ್ ಕೊಟ್ಟಿದ್ದ ಚೀಟಿ ಬೀಸುತ್ತ ಬಂದರು.

"ಏನಪ್ಪಾ ಇದು? ಶುಗರ್ ನೋಡಿ ಅಂದ್ರೆ, ಬಸುರಿ ಹೌದೋ ಅಲ್ವೋ ನೋಡ್ತೀವಿ ಅಂತಾರಲ್ಲಪ್ಪಾ ಒಳಗೆ!"

"ತಾತಾ, ಗಂಡೋ ಹೆಣ್ಣೋ ಅಂತ ಮಾತ್ರ ಕೇಳ್ಬೇಡಿ, ಹೇಳೋ ಹಾಗಿಲ್ಲ!" ಎಂದಿತು ಸಾಲಿನಿಂದೊಂದು ದನಿ.

ಆದದ್ದಿಷ್ಟು. ಅವರ ಮನೆಮಂದಿಗೆಲ್ಲ ಲ್ಯಾಬಿನಲ್ಲಿ ಕೊಟ್ಟಿರುವುದು ಸೊಸೆ ಶ್ರೀದೇವಿಯ ಮೊಬೈಲ್ ನಂಬರು. ನಂಬರು ಒತ್ತಿದೊಡನೆ ಹೊಸ ಪರದೆ ಕಳೆದ ಸಲ ಬಂದಿದ್ದ ಶ್ರೀದೇವಿಯ ಹೆಸರನ್ನೂ ಪರೀಕ್ಷೆಯನ್ನೂ ತಾನೇ ತುಂಬಿಬಿಟ್ಟಿತ್ತು. "ಯಾರಿಗೆ?" ಎಂದು ಕೇಳುವುದೇ ಸತ್ಯಭಾಮಾರ ಮೂರನೆಯ ಕ್ಲಿಕ್. ನಗು ಕನಕಪುರ ರಸ್ತೆಯ ಬಸ್ಸುಗಳನ್ನು ನಿಲ್ಲಿಸಿತೆನ್ನಬೇಕು.

ವಿಶ್ರುತ್ ಪ್ರಾಮಾಣಿಕ. "ಸೋತೆ ಆಂಟಿ, ಮೂರನೇದು ಇರ್ಲಿ. ಆದ್ರೆ ನಿಮ್ಮ ಆರನೇ ಕ್ಲಿಕ್ ಏನು ಗೊತ್ತಾ? ಫ್ಯಾಕ್ಸ್ ನಂಬರ್ ಇದ್ಯಾ ಅಂತ ಕೇಳತ್ತೆ. ಹದಿನೆಂಟು ವರ್ಷದಿಂದ ಇಲ್ಲ ಇಲ್ಲ ಅಂತ ಒತ್ತಿದ್ದೀರ! ಇನ್ನೊಂದು, ಎಲ್ಲ ಲೆಕ್ಕ ಕಂಪ್ಯೂಟರಲ್ಲಿದೆ, ಒಬ್ಬೊಬ್ಬರಿಗೆ ಏಳು ಕ್ಲಿಕ್ಕೂ ಸೇರಿ ಒಂಬತ್ತು ಸೆಕೆಂಡು. ಮಿಕ್ಕಿದ ಎರಡೂಕಾಲು ನಿಮಿಷ ಬರೀ ನಿಮ್ಮ ಮಾತು!"

ಕಲ್ಯಾಣಿ ನಗು ತಡೆದುಕೊಂಡರು. "ಕುರ್ಚಿ ನಿಮ್ದೇ ಸತ್ಯಭಾಮಾ ಅವ್ರೇ. ಮಾತು ಒಂಚೂರು ಕಡಿಮೆ ಮಾಡಿ."

ಯಂತ್ರದೆದುರು ಕೂತು ಕೂದಲು ನರೆತರೂ ಯಂತ್ರವಾಗದ ಈ ಪೈಕಿಯವರಿಗೆ ಒಂದು ಗುಣವುಂಟು: ಸಿಕ್ಕಿಬಿದ್ದ ಗಳಿಗೆಯಲ್ಲೇ ಅವರು ಇನ್ನಷ್ಟು ಮುಂದಕ್ಕೆ ಬಾಗಿ ಕೂರುತ್ತಾರೆ.

"ಹೇಗೆ ಕಡಿಮೆ ಮಾಡ್ಲಿ ಡಾಕ್ಟ್ರೇ? ಪಾಪ, ಹಸ್ಕೊಂಡು ಬಂದಿರ್ತಾರೆ, ಒಂದು ಲೋಟ ಕಾಫಿ ಕೊಡೋ ಹಾಗಿಲ್ಲ. ಮಾತು ಎಷ್ಟು ಕೊಟ್ರೂ ಶುಗರ್ ಏರಲ್ಲ!"