ಕವೆಯ ಅಗಲ

ಎರಕದ ಕಾರ್ಖಾನೆಯಲ್ಲಿ ಹೆಂಗಸರಿಗೊಂದು ಕೋಣೆ, ಗಂಡಸರಿಗೊಂದು ಅಂಗಳ. ಅಂಗಳದಲ್ಲಿ ಕಬ್ಬಿಣ ಕರಗಿಸಿ ಅಚ್ಚುಗಳಿಗೆ ಹೊಯ್ಯುತ್ತಿದ್ದರು. ಕೋಣೆಯಲ್ಲಿ ಕೋರು ಮಾಡುತ್ತಿದ್ದರು. ಕೋರು ಎಂದರೆ ಮರಳಿಗೆ ಎಣ್ಣೆ ಬೆರೆಸಿ, ಒತ್ತಿ, ಒಲೆಯಲ್ಲಿ ಬೇಯಿಸಿದ ಗಟ್ಟಿ. ಪಂಪಿನ ಹೊಟ್ಟೆ ಟೊಳ್ಳಾಗಿರಬೇಕಲ್ಲ, ಅದಕ್ಕಾಗಿ ಇದನ್ನು ಅಚ್ಚಿನ ನಡುವೆ ಕೂರಿಸಿ ಸುತ್ತ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರಿದ ಮೇಲೆ ಕೋರನ್ನು ಕುಟ್ಟಿ ಪುಡಿ ಮಾಡಿ ಹೊರಗೆ ಚೆಲ್ಲುತ್ತಾರೆ. ಹೆಂಗಸರು ದಿನವಿಡೀ ಕೂತು ಮಾಡಿದ್ದು ಕೊನೆಗೆ ಉಳಿಯುವುದು ಒಂದು ಖಾಲಿ ಜಾಗವಾಗಿ. ಆ ಖಾಲಿ ಜಾಗ ಕೂದಲೆಳೆಯಷ್ಟು ಓರೆಯಾದರೂ ಪಂಪು ನೀರೆತ್ತುವುದಿಲ್ಲ ಎಂಬುದು ಬೇರೆ ಮಾತು.

ಕಡ್ಡಿ ಈ ಕೋಣೆಗೆ ಬಂದದ್ದು ಅಮ್ಮನ ಹಿಂದೆ. ಅಮ್ಮ ಬಂದದ್ದು ಅಜ್ಜಿಯ ಹಿಂದೆ. ಕಡ್ಡಿ ಎಂಬುದು ಅಂಗಳದವರು ಇಟ್ಟ ಹೆಸರು, ಹುಡುಗಿ ಸಣಕಲು. ಅಂಗಳದ ಮೇಸ್ತ್ರಿ ಅವಳ ಸೋದರಮಾವ, ಅಮ್ಮನ ಒಡಹುಟ್ಟಿದ ಅಣ್ಣ. ಕುಲುಮೆಯ ಬಾಯಿ ತೆರೆಯುವ ಮುನ್ನ ಅವನು ಕೋರಿನ ಕೋಣೆಯ ಬಾಗಿಲನ್ನು ತಾನೇ ಬಂದು ಮುಚ್ಚುತ್ತಿದ್ದ. ಧೂಳು ಬರುತ್ತದೆ ಎಂದು ಒಂದು ದಿನ, ಕಿಡಿ ಹಾರುತ್ತದೆ ಎಂದು ಇನ್ನೊಂದು ದಿನ.

ಕರಗಿದ ಕಬ್ಬಿಣವನ್ನು ಒಯ್ಯುವ ಪಾತ್ರೆಗೆ ಲ್ಯಾಡಲ್, ಅಂದರೆ ಸೌಟು, ಎನ್ನುತ್ತಿದ್ದರು. ಅದು ಕೂರುವ ಕಬ್ಬಿಣದ ಬಳೆಗೆ ಎರಡು ಕಡೆ ಹಿಡಿ. ಮುಂದಿನ ಹಿಡಿ ಒಂದೇ ಸರಳು. ಹಿಂದಿನದು ಎರಡಾಗಿ ಸೀಳಿದ ಕವೆ. ಮುಂದಿನವನು, ಅಂದರೆ ಮುಂದಾಳು, ಬರೀ ಹೊರುತ್ತಾನೆ. ಹಿಂದಿನವನು, ಹಿಂದಾಳು, ಕವೆಯನ್ನು ತಿರುಗಿಸಿ ಹೊಯ್ಯುತ್ತಾನೆ, ನಡೆ ಎನ್ನುವವನೂ ನಿಲ್ಲು ಎನ್ನುವವನೂ ಅವನೇ. ಹಿಂದಾಳಾಗಿದ್ದವನು ಬೇರೆ ಕಾರ್ಖಾನೆಗೆ ಹೋದಾಗ ಕಡ್ಡಿ ಮಾವನ ಎದುರು ಬಂದು ನಿಂತಳು.

"ಮಾವ, ಹಿಂದಾಳಿನ ಕೆಲಸ ನನಗೆ ಕೊಡಿ."

ಮೇಸ್ತ್ರಿ ಕೈಗವಸು ತೆಗೆಯಲಿಲ್ಲ. "ನಿನ್ನನ್ನೇ ಯಾರಾದ್ರೂ ಹೊತ್ಕೊಂಡು ಹೋಗೋ ಹಾಗಿದ್ದೀಯ. ನೀನು ಲ್ಯಾಡಲ್ ಹೊರ್ತೀಯಾ?"

"ಕೋರಿನ ಹಲಗೆ ದಿನಾ ಹೊರ್ತೀನಲ್ಲ."

"ಅದು ಮರಳು ಕಣೇ."

"ಹಸಿ ಮರಳು. ಒಂದು ಹೆಜ್ಜೆ ತಪ್ಪಿದ್ರೆ ಪೂರ್ತಿ ಕುಸಿಯತ್ತೆ. ನಿಮ್ಮ ಅಂಗಳದವರನ್ನ ಒಂದು ದಿನ ಕಳಿಸಿ, ಹೊತ್ತು ತೋರಿಸ್ಲಿ."

ಮುಂದಾಳು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಎಲ್ಲದಕ್ಕೂ ಗೊಣಗುವ ಅವನನ್ನು ಗೊಣಗ ಎಂದೇ ಕರೆಯುತ್ತಿದ್ದರು. "ಸೌಟು ಹಿಡಿಯೋ ಆಸೆ ಇದ್ರೆ ಮನೇಲೇ ಹಿಡೀಬಹುದಪ್ಪ," ಎಂದ.

"ಮನೇಲಿ ಹಿಡಿದು ಹಿಡಿದೇ ಕೈ ಪಳಗಿರೋದು," ಎಂದಳು ಕಡ್ಡಿ. ಇಬ್ಬರು ಮೂವರು ನಕ್ಕರು. ಮೇಸ್ತ್ರಿಗೂ ನಗು ಬಂತು, ನುಂಗಿಕೊಂಡ.

ಹೊಸಬರಿಗೆ ಅಲ್ಲೊಂದು ಪರೀಕ್ಷೆ ಇತ್ತು. ಲ್ಯಾಡಲ್‌ಗೆ ಅಂಚಿನವರೆಗೆ ನೀರು ತುಂಬಿ, ಅಂಗಳ ದಾಟಿ, ಕಿರುಬಾಯಿಯ ಕೊಡಕ್ಕೆ ಹೊಯ್ಯಬೇಕು. ಧಾರೆ ಕಡಿಯಬಾರದು, ನೆಲಕ್ಕೆ ಬೀಳಬಾರದು. ಮೇಸ್ತ್ರಿ ಪರೀಕ್ಷೆ ಇಟ್ಟ. ಕವೆಯ ಎರಡು ಕೊನೆಗಳನ್ನು ಹಿಡಿಯಲು ಕಡ್ಡಿ ತೋಳುಗಳನ್ನು ರೆಕ್ಕೆಯಂತೆ ಅಗಲಿಸಬೇಕಾಯಿತು. ನಡೆಯುವಷ್ಟು ನಡೆದಳು. ತಿರುಗಿಸುವಾಗ ಮಣಿಕಟ್ಟು ನಡುಗಿ, ನೀರು ಕೊಡದ ಕುತ್ತಿಗೆಗೆ ಬಡಿದು ಗೊಣಗನ ಬೂಟಿನ ಮೇಲೆ ಬಿತ್ತು.

"ಇದು ಕಬ್ಬಿಣ ಆಗಿದ್ರೆ ನನ್ನ ಕಾಲು ಎಲ್ಲಿರ್ತಿತ್ತು?" ಎಂದ ಗೊಣಗ. ಆ ಪ್ರಶ್ನೆ ನ್ಯಾಯವಾದದ್ದೇ. ಕಡ್ಡಿ ಕೋಣೆಗೆ ನಡೆದಳು.

ಸಂಜೆ ಮನೆಯಲ್ಲಿ ಅಜ್ಜಿ ಕೇಳಿದಳು. ಅಜ್ಜಿಯ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. "ಕವೆ ಎಷ್ಟಗಲ ಇತ್ತು?"

ಕಡ್ಡಿ ತೋಳು ಚಾಚಿ ತೋರಿಸಿದಳು. ಅಜ್ಜಿ ತಡಕಾಡಿ ಅವಳ ಎರಡೂ ಮಣಿಕಟ್ಟು ಹಿಡಿದು, ಹತ್ತಿರ ತಂದು, ತೋಳುಗಳು ಹೆಗಲಿನಿಂದ ನೆಟ್ಟಗೆ ಇಳಿಯುವಂತೆ ಮಾಡಿ ನಿಲ್ಲಿಸಿದಳು.

"ಇಷ್ಟಿತ್ತು ನಮ್ಮದು."

"ನಿಮ್ಮದು ಅಂದ್ರೆ?"

"ಯುದ್ಧಕ್ಕೆ ಅಂತ ಗಂಡಸರೆಲ್ಲ ಹೋದ್ರಲ್ಲ, ಆಗ ಕಬ್ಬಿಣ ಯಾರು ಹೊಯ್ದ್ರು ಅಂದ್ಕೊಂಡಿದ್ದೀಯ? ಕುಲುಮೆ ತಾನೇ ಎದ್ದು ಬಂದು ಹೊಯ್ಕೊಳ್ತಿತ್ತಾ?"

ಯುದ್ಧದ ಕಾಲದಲ್ಲಿ ಅಜ್ಜಿ ಕಾರ್ಖಾನೆಗೆ ಹೋಗುತ್ತಿದ್ದಳೆಂದು ಕಡ್ಡಿಗೆ ಗೊತ್ತಿತ್ತು. ಸಹಾಯಕ್ಕೆ ಹೋಗುತ್ತಿದ್ದಳು ಎಂದು ಮನೆಯಲ್ಲಿ ಹೇಳುತ್ತಿದ್ದರು. ಯಾರಿಗೆ ಸಹಾಯ ಎಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಆ ಕವೆಗಳು ಏನಾದವು ಅಜ್ಜಿ?"

"ನಿಮ್ಮ ತಾತ, ಅವರ ಜೊತೆಯವರು ವಾಪಸ್ ಬಂದ್ರು. ಹಿಡಿದು ನೋಡಿದ್ರು, ಕೈಗೆ ಕೂರಲಿಲ್ಲ. ಮಕ್ಕಳ ಆಟದ ಸಾಮಾನು ಅಂದ್ರು. ಮೊದಲನೇ ಸಲ ಕಬ್ಬಿಣ ಕರಗಿಸುವಾಗಲೇ ಅವನ್ನೆಲ್ಲ ಕುಲುಮೆಗೆ ಹಾಕಿದ್ರು. ನಮ್ಮನ್ನ ಸಾಲಾಗಿ ನಿಲ್ಲಿಸಿ ಚಪ್ಪಾಳೆ ತಟ್ಟಿ ಕೋರಿನ ಕೋಣೆಗೆ ಕಳಿಸಿದ್ರು."

"ನೀನು ಸುಮ್ಮನೆ ಹೋದ್ಯಾ?"

ಅಜ್ಜಿ ಅವಳ ಮಣಿಕಟ್ಟು ಬಿಟ್ಟಳು. "ಗಂಡ ಜೀವಂತ ಬಂದ ಅನ್ನೋ ಖುಷಿಯಲ್ಲಿ ಕೈಯಲ್ಲಿದ್ದದ್ದು ಜಾರಿದ್ದೇ ತಿಳೀಲಿಲ್ಲ. ತಿಳಿಯೋ ಹೊತ್ತಿಗೆ ನಿನ್ನ ಮಾವ ಹೊಟ್ಟೆಯಲ್ಲಿದ್ದ."

ಒಲೆಯ ಬಳಿ ನಿಂತಿದ್ದ ಅಮ್ಮ ಈ ಕಡೆ ತಿರುಗದೆ ಹೇಳಿದಳು. "ಮದುವೆಗೆ ಮುಂಚೆ ನಾನೂ ಆ ಪರೀಕ್ಷೆ ಕೊಟ್ಟಿದ್ದೆ. ಚೆಲ್ಲಿದೆ. ನನಗೇ ಬರಲ್ಲ ಅಂದ್ಕೊಂಡು ಸುಮ್ಮನಾದೆ."

"ಅಜ್ಜಿಯ ಕವೆ ವಿಷಯ ನಿನಗೆ ಗೊತ್ತಿರಲಿಲ್ವಾ?"

"ಇವಳು ಹೇಳಿದ್ರೆ ತಾನೇ," ಎಂದಳು ಅಮ್ಮ.

"ನೀನು ಕೇಳಿದ್ರೆ ತಾನೇ," ಎಂದಳು ಅಜ್ಜಿ.

ಯಾವ ಪರೀಕ್ಷೆಯಲ್ಲೂ ಅಳೆಯುವ ವಸ್ತು ಒಂದು, ಅಳತೆಗೆ ಒಳಗಾಗುವುದು ಇನ್ನೊಂದು. ನೀರು ಚೆಲ್ಲಿದಾಗೆಲ್ಲ ಅಂಗಳದವರು ಎರಡನೆಯದನ್ನೇ ದೂರಿದ್ದರು. ಕವೆಯನ್ನು ಅನುಮಾನಿಸಲು ಯಾರಿಗೂ ಕಾರಣವಿರಲಿಲ್ಲ, ಅದು ಅವರ ಹೆಗಲಿಗೆ ಸರಿಯಾಗಿಯೇ ಇತ್ತು.

ಕಡ್ಡಿ ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಗೆ ಹೋಗಿ, ತನ್ನ ಹೆಗಲಿನ ಅಳತೆಗೆ ಕವೆ ಕೂರಿಸಿದ ಹೊಸ ಬಳೆ ಮಾಡಿಸಿದಳು. ಕವೆ ಕಿರಿದಾದರೆ ತಿರುಗಿಸಲು ಬಲ ಹೆಚ್ಚು ಬೇಕು, ಅದು ಅವಳಿಗೆ ಗೊತ್ತಿತ್ತು. ಆದರೆ ತೋಳು ನೆಟ್ಟಗಿದ್ದರೆ ಬೆನ್ನು, ತೊಡೆಗಳ ಬಲವೂ ಕೈಗೆ ಬರುತ್ತದೆ. ಹಿತ್ತಲಲ್ಲಿ ಹಳೆಯ ಡಬ್ಬಕ್ಕೆ ಮರಳು ತುಂಬಿ, ನೀರು ತುಂಬಿ, ತಿರುಗಿಸಿ ತಿರುಗಿಸಿ ನೋಡಿದಳು. ಮುಂದಿನ ತುದಿಯನ್ನು ಅಮ್ಮನೇ ಹಿಡಿಯಬೇಕಾಗುತ್ತಿತ್ತು. ಹಿಡಿಯುತ್ತಲೇ ಬೈಯುತ್ತಿದ್ದಳು.

"ಅಂಗಳದಲ್ಲಿ ನಿನ್ನ ಮಾವನ ಮರ್ಯಾದೆ ಏನಾಗ್ಬೇಕು?"

"ಅವರ ಮರ್ಯಾದೆ ಈ ಕವೆಯಷ್ಟೇ ಅಗಲ ಇದ್ರೆ ನಾನೇನು ಮಾಡ್ಲಿ?"

"ಬಾಯಿ ನೋಡು ಇದರದ್ದು," ಎಂದು ಅಮ್ಮ ಬೈದಳು. ಹಿಡಿ ಮಾತ್ರ ಬಿಡಲಿಲ್ಲ.

ಕಡ್ಡಿ ಬಳೆಯನ್ನು ಹೊತ್ತು ತಂದಾಗ ಮೇಸ್ತ್ರಿ ಅದನ್ನು ಬೂಟಿನ ತುದಿಯಿಂದ ತಳ್ಳಿ ನೋಡಿದ. "ಹೊರಗಿನ ಸಾಮಾನು ಇಲ್ಲಿ ನಡೆಯಲ್ಲ."

"ಹೊರಗಿನದಲ್ಲ ಮಾವ. ನಿಮ್ಮಮ್ಮನ ಅಳತೆ. ಬೇಕಾದ್ರೆ ಮನೆಗೆ ಹೋಗಿ ಅವಳನ್ನೇ ಕೇಳಿ."

ಕೇಳಿದರೆ ಏನು ಉತ್ತರ ಬರುತ್ತದೆಂದು ಮೇಸ್ತ್ರಿಗೆ ಗೊತ್ತಿತ್ತೋ ಇಲ್ಲವೋ, ಅವನು ಬೆಸುಗೆಯನ್ನು ಬಗ್ಗಿ ನೋಡಿದ, ಸುತ್ತಿಗೆಯಿಂದ ಬಡಿದು ನೋಡಿದ. ತಪ್ಪು ಸಿಗಲಿಲ್ಲ. "ನೀರು ತುಂಬ್ರೋ," ಎಂದ.

ಗೊಣಗ ಮುಂದೆ, ಕಡ್ಡಿ ಹಿಂದೆ. ಈ ಸಲ ಧಾರೆ ಕಡ್ಡಿಯಷ್ಟೇ ಸಣ್ಣಗೆ ಹೊರಟು ಕೊಡದ ಬಾಯೊಳಗೆ ಇಳಿಯಿತು. ಕೊಡದ ಸುತ್ತ ನೆಲ ಒಣಗಿಯೇ ಇತ್ತು.

"ನೀರೇ ಬೇರೆ, ಕಬ್ಬಿಣವೇ ಬೇರೆ," ಎಂದ ಮೇಸ್ತ್ರಿ.

"ಹಾಗಾದ್ರೆ ಕಬ್ಬಿಣ ಕೊಡಿ."

ಎಲ್ಲರೂ ನೋಡುತ್ತಿದ್ದರು. ಆ ದಿನದ ಅಚ್ಚುಗಳು ಸಿದ್ಧವಾಗಿದ್ದವು, ಒಳಗಿನ ಕೋರುಗಳು ಹೆಂಗಸರು ಮಾಡಿದವೇ. ಇಲ್ಲ ಎನ್ನಲು ಮೇಸ್ತ್ರಿಗೆ ನೆಪ ಸಿಗಲಿಲ್ಲ. ಕಡ್ಡಿ ಚರ್ಮದ ಏಪ್ರನ್ ಕಟ್ಟಿದಳು, ಕನ್ನಡಕ ಹಾಕಿದಳು. ಕೋರಿನ ಕೋಣೆಯ ಬಾಗಿಲು ಮುಚ್ಚಲು ಆ ದಿನ ಮೇಸ್ತ್ರಿ ಮರೆತ. ಕುಲುಮೆಯ ಬಾಯಿ ಬಿಚ್ಚಿತು. ಕಿತ್ತಳೆ ಬಣ್ಣದ ಧಾರೆ ಲ್ಯಾಡಲ್ ತುಂಬಿತು. ಮೇಲೆ ಬಂದ ಕಿಟ್ಟವನ್ನು ಸರಿಸಿದರು. ಕಡ್ಡಿ ಕವೆ ಹಿಡಿದು ಬಗ್ಗಿದಳು.

ಗೊಣಗ ಮುಂದಿನ ಹಿಡಿಯ ಹತ್ತಿರ ಬಂದವನು ಕೈ ಕಟ್ಟಿಕೊಂಡು ನಿಂತ. "ನನಗೆ ಮಕ್ಕಳಿದ್ದಾರಪ್ಪ. ನಾನು ಮುಟ್ಟಲ್ಲ."

ಉಳಿದವರು ನೆಲ ನೋಡಿದರು. ಕಬ್ಬಿಣ ಯಾರಿಗೂ ಕಾಯುವುದಿಲ್ಲ. ಅದರ ಹೊಳಪು ಆಗಲೇ ಇಳಿಯತೊಡಗಿತ್ತು. ತಡವಾದರೆ ಅಚ್ಚಿನೊಳಗೆ ಅರ್ಧ ಹರಿದು ಹೆಪ್ಪುಗಟ್ಟುತ್ತದೆ, ಆಮೇಲೆ ತಪ್ಪೆಲ್ಲ ಕಡ್ಡಿಯ ತಲೆಗೆ.

"ಸರಿ, ನೀನು ಏಳು," ಎಂದ ಮೇಸ್ತ್ರಿ ಕಡ್ಡಿಗೆ, ಹೆಚ್ಚು ಗಡಸಿಲ್ಲದೆ. "ಹಿಂದೆ ನಾನು ಹಿಡೀತೀನಿ. ನಾನು ನಿಂತ್ರೆ ಅವನು ಎತ್ತುತ್ತಾನೆ."

"ಏಳಲ್ಲ ಮಾವ."

"ಹಟ ಮಾಡೋ ಹೊತ್ತಾ ಇದು?"

"ಇನ್ಯಾವ ಹೊತ್ತು?"

ಅಷ್ಟರಲ್ಲಿ ಕೋಣೆಯ ಬಾಗಿಲಿನಿಂದ ಅಮ್ಮ ಬಂದಳು. ಗೂಡಿನಲ್ಲಿದ್ದ ಏಪ್ರನ್, ಬೂಟು, ಕೈಗವಸು, ಕನ್ನಡಕ ಎಲ್ಲ ತೊಟ್ಟಿದ್ದಳು. ಯಾವಾಗ ತೊಟ್ಟಳೋ ಯಾರೂ ನೋಡಿರಲಿಲ್ಲ. ಗೊಣಗನನ್ನು ಭುಜದಿಂದ ಸರಿಸಿ, ಮುಂದಿನ ಸರಳಿನ ಮೇಲೆ ಬಗ್ಗಿದಳು.

"ನಿನಗೇನು ತಲೆ ಕೆಟ್ಟಿದೆಯಾ?" ಎಂದ ಮೇಸ್ತ್ರಿ.

"ದಾರಿ ಬಿಡಣ್ಣ," ಎಂದಳು ಅಮ್ಮ. "ಆರೋಗ್ತಾ ಇದೆ."

ಮುಂದಾಳಿಗೆ ಬೆಂಕಿ ಕಾಣುವುದಿಲ್ಲ, ಅದು ಬೆನ್ನ ಹಿಂದೆ ಬರುತ್ತದೆ. ಹಿಂದಿನವರ ಮಾತನ್ನು ನಂಬಿ ನಡೆಯಬೇಕು. "ಎತ್ತಮ್ಮ," ಎಂದಳು ಕಡ್ಡಿ. ಅಮ್ಮ ಎತ್ತಿದಳು. "ನಡಿ." ಹಸಿ ಕೋರಿನ ಹಲಗೆ ಹೊರುವಾಗ ಇಬ್ಬರ ಹೆಜ್ಜೆ ಹೇಗೆ ಒಂದಾಗುತ್ತಿತ್ತೋ ಹಾಗೆಯೇ, ಮೊಣಕಾಲು ತುಸು ಮಡಿಸಿ, ಪಾದ ಜಾರಿಸಿ ನಡೆದರು. ಲ್ಯಾಡಲ್‌ನ ಅಂಚಿನಲ್ಲಿ ಕಬ್ಬಿಣ ತುಳುಕಲಿಲ್ಲ. "ನಿಲ್ಲು." ಕಡ್ಡಿ ಕವೆ ತಿರುಗಿಸಿದಳು. ಅಮ್ಮನ ಕೈಗವಸಿನೊಳಗೆ ಸರಳು ಮೆಲ್ಲಗೆ ತಿರುಗಿತು. ಧಾರೆ ಅಚ್ಚಿನ ಬಾಯಿಗೆ ಇಳಿಯಿತು, ಕಡಿಯಲಿಲ್ಲ, ಅಚ್ಚು ತುಂಬಿ ಆಚೆಯ ತೂತಿನಲ್ಲಿ ಕೆಂಪು ಮೇಲೆದ್ದು ಕಾಣುವವರೆಗೂ ಕಡಿಯಲಿಲ್ಲ. ಮುಂದಿನ ಅಚ್ಚು. ಅದರ ಮುಂದಿನದು. ಕೋರಿನ ಕೋಣೆಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಖಾಲಿ ಲ್ಯಾಡಲ್ ಇಳಿಸಿದ ಮೇಲೆ ಅಮ್ಮ ಮರಳಿನ ರಾಶಿಯ ಮೇಲೆ ಕುಸಿದು ಕೂತಳು. ಕೈಗವಸು ಕಳಚಿ ಮಡಿಲಲ್ಲಿಟ್ಟುಕೊಂಡಳು.

ಮೇಸ್ತ್ರಿ ಅಚ್ಚುಗಳ ಸಾಲನ್ನು ಒಂದು ಸುತ್ತು ಬಂದ. "ಇವತ್ತಿನ ಮಟ್ಟಿಗೆ ಆಯ್ತು. ಮಧ್ಯಾಹ್ನ ಇನ್ನೊಂದು ಸಲ ಕಬ್ಬಿಣ ಹೊಯ್ಯೋದಿದೆ. ಅದಕ್ಕೆ ನಮ್ಮವರು ಬರ್ತಾರೆ."

"ಬರ್ಲಿ," ಎಂದಳು ಕಡ್ಡಿ. ಅವಳು ಕವೆಯ ಕೊನೆಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು. "ಅಮ್ಮನಿಗೆ ಸುಸ್ತಾಗಿದೆ. ಮುಂದೆ ಹಿಡಿಯೋಕೆ ಒಬ್ಬರು ಬೇಕು."